ಸಂಭಾಷಣೆಕಾರ, ಹಾಸ್ಯನಟ ಖಾದರ್ ಖಾನ್: ಮುಖ್ಯಾಂಶಗಳು

ಖಾದರ್ ಖಾನ್ ಎಂದೊಡನೆ ಗೋವಿಂದನ ಸಿನಿಮಾಗಳ ಸಿಡುಕು ಮಾವ ಕಣ್ಣಮುಂದೆ ಬರುತ್ತಾನೆ. ಪರೀಕ್ಷೆಗೆ ಓದುವವರು ಗೆರೆ ಎಳೆದು ಇಟ್ಟುಕೊಳ್ಳಬೇಕಾದ ಅಂಶ ಬೇರೆ. ಅವರು ಮೊದಲು ಸಂಭಾಷಣೆಕಾರ, ಆಮೇಲೆ ಹಾಸ್ಯನಟ. ನಟನೆಗೆ ಒಂದು ಫಿಲ್ಮ್‌ಫೇರ್ ಬಂದರೆ ಸಂಭಾಷಣೆಗೆ ಎರಡು ಬಂದವು. ಸುಮಾರು 300 ಚಿತ್ರಗಳಲ್ಲಿ ನಟನೆ, ಸುಮಾರು 250 ಚಿತ್ರಗಳಿಗೆ ಸಂಭಾಷಣೆ ಎಂಬುದು ರೂಢಿಯಲ್ಲಿರುವ ಲೆಕ್ಕ.

ಜನನ: 22 ಅಕ್ಟೋಬರ್ 1937, ಕಾಬೂಲ್, ಅಫ್ಘಾನಿಸ್ತಾನ
ನಿಧನ: 31 ಡಿಸೆಂಬರ್ 2018, ಟೊರೊಂಟೊ, ಕೆನಡಾ
ನಟನಾಗಿ ಮೊದಲ ಚಿತ್ರ: ಯಶ್ ಚೋಪ್ರಾ ಅವರ ‘ದಾಗ್’ (1973), ವಕೀಲನ ಪಾತ್ರ
ಸಂಭಾಷಣೆಕಾರನಾಗಿ ಮೊದಲ ಚಿತ್ರ: ‘ಜವಾನಿ ದಿವಾನಿ’ (1972)
ಪದ್ಮಶ್ರೀ: 2019, ಮರಣೋತ್ತರ

ಬಾಲ್ಯ ಮತ್ತು ಓದು

ಖಾದರ್ ಹುಟ್ಟುವ ಮೊದಲೇ ಮೂವರು ಗಂಡುಮಕ್ಕಳನ್ನು ಕಳೆದುಕೊಂಡಿದ್ದ ತಾಯಿ, ಈ ಮಗುವಾದರೂ ಉಳಿಯಲಿ ಎಂದು ಕಾಬೂಲ್ ಬಿಡಲು ಹಟ ಹಿಡಿದರು. ಕುಟುಂಬ ಬಂದು ನೆಲೆಸಿದ್ದು ಮುಂಬೈನ ಕಾಮಾಠಿಪುರದಲ್ಲಿ. ಕಡುಬಡತನ, ತಂದೆತಾಯಿಯ ವಿಚ್ಛೇದನ, ಮಲತಂದೆ, ಎಲ್ಲವನ್ನೂ ಅಲ್ಲಿಯೇ ಕಂಡರು. ಕೂಲಿಗೆ ಹೊರಟಿದ್ದ ಹುಡುಗನನ್ನು ತಾಯಿ ತಡೆದ ಪ್ರಸಂಗವನ್ನು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಇವತ್ತು ಮೂರು ರೂಪಾಯಿ ದುಡಿದು ತಂದರೆ ಬದುಕೆಲ್ಲ ಮೂರು ರೂಪಾಯಿಯಲ್ಲೇ ಕಳೆದೀತು, ಹೋಗಿ ಓದು ಎಂಬುದು ಆ ತಾಯಿಯ ಮಾತಿನ ಸಾರ. ಮಗ ಓದಿದ. ಇಸ್ಮಾಯಿಲ್ ಯೂಸುಫ್ ಕಾಲೇಜು ಮುಗಿಸಿ, ಸಿವಿಲ್ ಎಂಜಿನಿಯರಿಂಗ್ ಕಲಿತು, ಬೈಕುಲ್ಲಾದ ಎಂ.ಎಚ್. ಸಾಬೂ ಸಿದ್ದಿಕ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟರಾದರು.

ಇನ್ನೊಂದು ಸಂಗತಿ ಪರೀಕ್ಷೆಯಲ್ಲಿ ಬರಲಾರದು, ಆದರೂ ಬಿಡಲು ಮನಸ್ಸಾಗುವುದಿಲ್ಲ. ಸಂಜೆ ಕತ್ತಲಾದ ಮೇಲೆ ಹುಡುಗ ಮನೆಯ ಹತ್ತಿರದ ಸ್ಮಶಾನಕ್ಕೆ ಹೋಗಿ, ದಿನವೆಲ್ಲ ಕಂಡವರ ಮಾತನ್ನು ಅವರಂತೆಯೇ ಗಟ್ಟಿಯಾಗಿ ಆಡುತ್ತಿದ್ದ. ಅದನ್ನು ಕೇಳಿಸಿಕೊಂಡವರೊಬ್ಬರು ನಾಟಕಕ್ಕೆ ಕರೆದೊಯ್ದರು. ಮುಂದೆ ‘ಮುಕದ್ದರ್ ಕಾ ಸಿಕಂದರ್’ (1978) ಚಿತ್ರಕ್ಕೆ ಸಂಭಾಷಣೆ ಬರೆದಾಗ, ತಾಯಿಯ ಗೋರಿಯ ಮುಂದೆ ಅಳುತ್ತಿರುವ ಬಾಲಕನಿಗೆ ದುಃಖವನ್ನು ನಗುತ್ತಲೇ ಎದುರಿಸು ಎನ್ನುವ ಫಕೀರನ ಪಾತ್ರವನ್ನು ಅವರೇ ಮಾಡಿದರು. ಅವರ ಕೆಲಸವನ್ನು ಒಂದೇ ದೃಶ್ಯದಲ್ಲಿ ನೋಡಬೇಕೆನ್ನುವವರು ಇದನ್ನೇ ನೋಡಬೇಕು. ಹಾಸ್ಯದ ಸುಳಿವೂ ಇಲ್ಲ, ಒಂದು ಮಾತೂ ಹೆಚ್ಚಿಲ್ಲ.

ರಂಗದಿಂದ ಚಿತ್ರರಂಗಕ್ಕೆ

ಕಾಲೇಜಿನಲ್ಲಿ ಅವರ ನಾಟಕ ನೋಡಿದ ದಿಲೀಪ್ ಕುಮಾರ್ ‘ಸಗೀನಾ’ (1974), ‘ಬೈರಾಗ್’ (1976) ಚಿತ್ರಗಳಿಗೆ ಕರೆದರು. ‘ಲೋಕಲ್ ಟ್ರೇನ್’ ನಾಟಕವನ್ನು ಮೆಚ್ಚಿದ ನಿರ್ದೇಶಕ ನರಿಂದರ್ ಬೇಡಿ ‘ಜವಾನಿ ದಿವಾನಿ’ಯ ಬರವಣಿಗೆ ಕೊಟ್ಟರು. ಮನಮೋಹನ್ ದೇಸಾಯಿ ಅವರ ‘ರೋಟಿ’ (1974) ಬಂದ ಮೇಲೆ ಹಿಂದಿರುಗಿ ನೋಡಲಿಲ್ಲ. ಆ ಚಿತ್ರದ ಸಂಭಾಷಣೆಗೆ ಲಕ್ಷ ರೂಪಾಯಿಗೂ ಮೀರಿದ ಸಂಭಾವನೆ ಸಿಕ್ಕಿತೆಂದು ಅವರೇ ಹೇಳಿದ್ದಾರೆ. ಆ ಕಾಲಕ್ಕೆ ಬರಹಗಾರನೊಬ್ಬನಿಗೆ ಅದು ದೊಡ್ಡ ಮೊತ್ತ.

ಅಮಿತಾಭ್ ಬಚ್ಚನ್ ಚಿತ್ರಗಳು (ಹೊಂದಿಸಿ ಬರೆಯಿರಿ ಪ್ರಶ್ನೆಗೆ ಮುಖ್ಯ)

ಮನಮೋಹನ್ ದೇಸಾಯಿ ನಿರ್ದೇಶನ: ‘ಅಮರ್ ಅಕ್ಬರ್ ಆಂಥೋನಿ’ (1977), ‘ಸುಹಾಗ್’ (1979), ‘ನಸೀಬ್’ (1981), ‘ಕೂಲಿ’ (1983)
ಪ್ರಕಾಶ್ ಮೆಹ್ರಾ ನಿರ್ದೇಶನ: ‘ಮುಕದ್ದರ್ ಕಾ ಸಿಕಂದರ್’ (1978), ‘ಲಾವಾರಿಸ್’ (1981), ‘ಶರಾಬಿ’ (1984)
ಮುಕುಲ್ ಆನಂದ್ ನಿರ್ದೇಶನ: ‘ಅಗ್ನಿಪಥ್’ (1990)

ದೇಸಾಯಿ ಮತ್ತು ಮೆಹ್ರಾ ಪೈಪೋಟಿಯ ಎರಡು ಬಣ. ಎರಡೂ ಕಡೆ ಬೇಕಾದವರಾಗಿ ಉಳಿದದ್ದು ಖಾದರ್ ಖಾನ್ ಹೆಗ್ಗಳಿಕೆ. ‘ಜಂಜೀರ್’, ‘ದೀವಾರ್’ ಬರೆದವರು ಸಲೀಂ–ಜಾವೇದ್, ಇಲ್ಲಿ ತಪ್ಪಬೇಡಿ. ಸಲೀಂ–ಜಾವೇದ್ ಅಮಿತಾಭ್‌ಗೆ ಸಿಟ್ಟು ಕೊಟ್ಟರು, ಬೀದಿಯ ಮಾತು ಕೊಟ್ಟವರು ಖಾದರ್ ಖಾನ್ ಎಂಬುದು ನನ್ನ ಅಭಿಪ್ರಾಯ. ಆಂಥೋನಿ ಆಡುವ ಮುಂಬೈ ಗಲ್ಲಿಯ ಹಿಂದಿ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಕಾಮಾಠಿಪುರದಲ್ಲಿ ಬೆಳೆದವರ ಕಿವಿಗೆ ದಕ್ಕುವಂಥದ್ದು.

ಕರ್ನಾಟಕದ ನಂಟು

ಎಚ್.ಕೆ. ಅನಂತರಾವ್ ಅವರ ಕಾದಂಬರಿ ಆಧರಿಸಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ, ಅಂಬರೀಷ್ ನಟಿಸಿದ ‘ಅಂತ’ (1981) ಎಲ್ಲರಿಗೂ ಗೊತ್ತು. ಅದನ್ನೇ ಬಾಬು ಅವರು ಜಿತೇಂದ್ರ ಅವರನ್ನು ಹಾಕಿಕೊಂಡು ಹಿಂದಿಯಲ್ಲಿ ‘ಮೇರಿ ಆವಾಜ್ ಸುನೋ’ ಎಂದು ಮಾಡಿದರು. ಖಾದರ್ ಖಾನ್ ಅವರಿಗೆ ಸಂಭಾಷಣೆಯ ಮೊದಲ ಫಿಲ್ಮ್‌ಫೇರ್ (1982) ತಂದುಕೊಟ್ಟದ್ದು ಈ ಚಿತ್ರ. ಕನ್ನಡದ ಕಥೆಯೊಂದು ಅವರ ಲೇಖನಿಗೆ ಮೊದಲ ದೊಡ್ಡ ಮನ್ನಣೆ ತಂದಿತೆಂಬುದನ್ನು ನಮ್ಮ ಗೈಡ್‌ಗಳು ಇನ್ನೂ ಎದ್ದುಕಾಣುವಂತೆ ಅಚ್ಚುಹಾಕಬೇಕು.

‘ಕೂಲಿ’ಯ ಚಿತ್ರೀಕರಣದಲ್ಲಿ ಅಮಿತಾಭ್ ಪ್ರಾಣಾಪಾಯದ ಮಟ್ಟಿಗೆ ಗಾಯಗೊಂಡದ್ದು 1982ರ ಜುಲೈನಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ. ಆ ಚಿತ್ರದ ಸಂಭಾಷಣೆ ಮತ್ತು ಖಳ ಜಫರ್‌ನ ಪಾತ್ರ ಎರಡೂ ಖಾದರ್ ಖಾನ್ ಅವರದು. ಸಾಯಬೇಕಿದ್ದ ನಾಯಕನನ್ನು ಅಪಘಾತದ ನಂತರ ಬದುಕಿಸಿ ಕೊನೆಯನ್ನು ಬದಲಿಸಲಾಯಿತು.

ಖಳನಿಂದ ಹಾಸ್ಯಕ್ಕೆ

ಸಿನಿಮಾದ ಕೊನೆಯಲ್ಲಿ ನಿನ್ನಪ್ಪ ಒದೆ ತಿನ್ನುತ್ತಾನೆ ಎಂದು ಹುಡುಗರು ಹಂಗಿಸಿದ್ದಕ್ಕೆ ಮಗ ಜಗಳವಾಡಿಕೊಂಡು ಬಂದ, ಅಂದಿನಿಂದ ಖಳಪಾತ್ರ ಸಾಕೆನಿಸಿತು ಎಂದು ಅವರು ಹೇಳಿಕೊಂಡಿದ್ದಾರೆ. ತಿರುವು ಕೊಟ್ಟದ್ದು ಕೆ. ರಾಘವೇಂದ್ರ ರಾವ್ ನಿರ್ದೇಶನದ ‘ಹಿಮ್ಮತ್‌ವಾಲಾ’ (1983), ತೆಲುಗಿನ ‘ಊರುಕಿ ಮೊನಗಾಡು’ ಚಿತ್ರದ ರೀಮೇಕ್. ಅಮ್ಜದ್ ಖಾನ್ ಪಾತ್ರದ ಮುನೀಮನಾಗಿ ಧಣಿಯ ಮುಂದೆ ಬಾಗುತ್ತ, ಬೆನ್ನ ಹಿಂದೆ ಲೆಕ್ಕ ಹಾಕುತ್ತ ನಗಿಸಿದರು. ಅಲ್ಲಿಂದ ಶಕ್ತಿ ಕಪೂರ್ ಜೊತೆಗಿನ ಜೋಡಿ ಬೆಳೆಯಿತು. ಇಬ್ಬರೂ ಮೋಸಗಾರ ತಂದೆ–ಮಗನಾದ ‘ಬಾಪ್ ನಂಬರಿ ಬೇಟಾ ದಸ್ ನಂಬರಿ’ (1990) ಅವರಿಗೆ ಶ್ರೇಷ್ಠ ಹಾಸ್ಯನಟ ಫಿಲ್ಮ್‌ಫೇರ್ (1991) ತಂದಿತು. 90ರ ದಶಕದಲ್ಲಿ ಗೋವಿಂದ ಜೊತೆ ‘ರಾಜಾ ಬಾಬು’ (1994), ‘ಕೂಲಿ ನಂ. 1’ (1995), ‘ಹೀರೋ ನಂ. 1’ (1997), ‘ದುಲ್ಹೆ ರಾಜಾ’ (1998).

ಈ ಹಾಸ್ಯದ ಅಬ್ಬರದ ನಡುವೆಯೇ ‘ಅಂಗಾರ್’ (1992) ಬಂತು. ಭೂಗತ ಲೋಕದ ಹಿರಿಯ ಜಹಾಂಗೀರ್ ಖಾನ್ ಪಾತ್ರವನ್ನು ಅವರು ತಗ್ಗಿದ ದನಿಯಲ್ಲಿ ನಿಭಾಯಿಸಿದರು. ಸಂಭಾಷಣೆಯ ಎರಡನೇ ಫಿಲ್ಮ್‌ಫೇರ್ (1993) ಈ ಚಿತ್ರಕ್ಕೆ.

ಗೊಂದಲಕ್ಕೆಡೆಯಾಗುವ ಅಂಶಗಳು

‘ಕೂಲಿ’ (1983) ಅಮಿತಾಭ್ ಚಿತ್ರ, ‘ಕೂಲಿ ನಂ. 1’ (1995) ಗೋವಿಂದ ಚಿತ್ರ; ಖಾದರ್ ಖಾನ್ ಎರಡರಲ್ಲೂ ಇದ್ದಾರೆ. ಫಿಲ್ಮ್‌ಫೇರ್ ವರ್ಷ ಚಿತ್ರ ಬಿಡುಗಡೆಯಾದ ವರ್ಷಕ್ಕಿಂತ ಒಂದು ಮುಂದಿರುತ್ತದೆ. ಕೊನೆಯ ವರ್ಷಗಳಲ್ಲಿ ಅವರನ್ನು ಕಾಡಿದ್ದು ನಡಿಗೆ, ಮಾತು, ಸಮತೋಲನವನ್ನು ಕುಗ್ಗಿಸುವ ನರರೋಗ, ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ. ಅಂತ್ಯಕ್ರಿಯೆ ಕೆನಡಾದಲ್ಲೇ ನಡೆಯಿತು. 2019ರ ಜನವರಿಯಲ್ಲಿ, ಅವರು ತೀರಿಕೊಂಡು ತಿಂಗಳು ತುಂಬುವ ಮೊದಲೇ, ಪದ್ಮ ಪಟ್ಟಿ ಪ್ರಕಟವಾಯಿತು. ಅದರಲ್ಲಿ ಅವರ ಹೆಸರು ಕಲೆ–ಚಲನಚಿತ್ರ ನಟನೆ ವಿಭಾಗದಲ್ಲಿದೆ, ಹೆಸರಿನ ಮುಂದಿರುವುದು ಮಹಾರಾಷ್ಟ್ರವಲ್ಲ, ಕೆನಡಾ.