ರಜೆಗೆ ಊರಿಗೆ ಹೋದಾಗ ಕಣ್ಣಿನ ಲೇಸರ್

ವಿದೇಶಕ್ಕೆ ಹೊಸದಾಗಿ ಬಂದಿರುವ ತುಮಕೂರು ಕಡೆಯವರ ಮನೆಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ: ಇಲ್ಲಿ ಕನ್ನಡಕ ಬಿಡಿಸುವ ಲೇಸರ್ ದುಬಾರಿ, ಇನ್ಷೂರೆನ್ಸ್‌ನವರು ಸಾಮಾನ್ಯವಾಗಿ ಕೊಡುವುದಿಲ್ಲ, ಊರಿಗೆ ಹೋದಾಗ ಮಾಡಿಸಿಕೊಂಡು ಬಂದರಾಯಿತು. ಮಾಡಿಸಿ. ಆದರೆ ಮದುವೆ, ಮುಂಜಿ, ದೇವಸ್ಥಾನ ಎಲ್ಲ ಮುಗಿಸಿ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಮೊದಲು ಕನ್ನಡಕದ ಚೀಟಿ ತೆಗೆದು ನೋಡಿ. ಸಿಲಿಂಡರ್, ಆಕ್ಸಿಸ್ ಎಂಬ ಕಾಲಂಗಳಲ್ಲಿ ಅಂಕಿ ಇದ್ದರೆ ನಿಮ್ಮದು ಅಸ್ಟಿಗ್ಮ್ಯಾಟಿಸಂ. ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಚೆಂಡಿನ ಹಾಗೆ ಎಲ್ಲ ಕಡೆ ಸಮನಾಗಿ ಬಾಗದೆ ಒಂದು ದಿಕ್ಕಿಗೆ ಹೆಚ್ಚು ಬಾಗಿರುತ್ತದೆ. ಯಾವ ದಿಕ್ಕು ಎಂದು ಹೇಳುವುದೇ ಆಕ್ಸಿಸ್. ಲೇಸರ್‌ಗೆಂದು ಮಲಗಿದಾಗ ಕಣ್ಣುಗುಡ್ಡೆ ತುಸು ತಿರುಗುತ್ತದೆ. ಅದಕ್ಕೇ ಕೆಲವು ಕಡೆ ಕೂತಿರುವಾಗಲೇ ಕಣ್ಣಿಗೆ ಶಾಯಿಯ ಗುರುತು ಹಾಕುತ್ತಾರೆ, ಕೆಲವು ಕಡೆ ಯಂತ್ರವೇ ಆ ತಿರುವನ್ನು ಸರಿದೂಗಿಸುತ್ತದೆ. ನಿಮ್ಮ ಡಾಕ್ಟರು ಏನು ಮಾಡುತ್ತಾರೆ, ಸಂಕೋಚವಿಲ್ಲದೆ ಕೇಳಿ.

ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ತಪಾಸಣೆಗೆ ಎರಡು ವಾರ ಮೊದಲೇ ಬಿಡುವುದು ಒಳ್ಳೆಯದು, ಗಟ್ಟಿ ಲೆನ್ಸ್ ಆದರೆ ಇನ್ನೂ ಮುಂಚೆ. ಅಂದರೆ ವಿಮಾನ ಹತ್ತುವಾಗಲೇ ಕನ್ನಡಕ. ಇಲ್ಲದಿದ್ದರೆ ಕಾರ್ನಿಯಾದ ಆಕಾರ ಅಳೆಯುವ ಟೊಪೋಗ್ರಫಿಯ ಅಳತೆ ತಪ್ಪುತ್ತದೆ, ಆ ಪರೀಕ್ಷೆಯ ಮೇಲೆಯೇ ಎಲ್ಲ ನಿಂತಿರುವುದು. ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಕೂಡ ಮೊದಮೊದಲು ಬರೀ ಸಿಲಿಂಡರ್ ಏರಿದಂತೆ ಕಾಣಬಹುದು. ಅಂಥ ಕಣ್ಣಿಗೆ ಲಾಸಿಕ್ ಎಂಬ ಲೇಸರ್ ಮಾಡಿದರೆ ಇನ್ನಷ್ಟು ಕೆಡುತ್ತದೆ. ‘ನಿಮಗೆ ಆಗಲ್ಲ’ ಎಂದು ವಾಪಸ್ ಕಳಿಸುವ ಡಾಕ್ಟರನ್ನು ನಾನಂತೂ ಹೆಚ್ಚು ನಂಬುತ್ತೇನೆ. 18 ತುಂಬದವರು, ವರ್ಷದೊಳಗೆ ಪವರ್ ಬದಲಾದವರು, ಬಸುರಿ ಬಾಣಂತಿಯರು ಕಾಯಲೇಬೇಕು.

ತುಮಕೂರಿನಿಂದಾಗಲಿ ಕುಣಿಗಲ್‌ನಿಂದಾಗಲಿ ಬೆಂಗಳೂರು ಸುಮಾರು 70 ಕಿ.ಮೀ., ಗುಬ್ಬಿಯವರಿಗೆ ಇನ್ನೊಂದು 20. ಎರಡೂ ದಾರಿ ನೆಲಮಂಗಲದಲ್ಲಿ ಸೇರುತ್ತವೆ, ರಾಜಾಜಿನಗರದ ನಾರಾಯಣ ನೇತ್ರಾಲಯ ಆ ಕಡೆಯಿಂದ ಬರುವವರಿಗೆ ಹತ್ತಿರ. ಲೇಸರ್ ಆದ ಮಾರನೆಯ ದಿನವೇ ಮತ್ತೆ ತೋರಿಸಬೇಕಾದ್ದರಿಂದ ಆ ರಾತ್ರಿ ಬೆಂಗಳೂರಿನ ನೆಂಟರ ಮನೆಯಲ್ಲೇ ಉಳಿಯಿರಿ. ವಾರ ಕಳೆದ ಮೇಲೊಮ್ಮೆ, ತಿಂಗಳಾದ ಮೇಲೊಮ್ಮೆ ತಪಾಸಣೆ ಇರುತ್ತದೆ. ತಿಂಗಳಿನದನ್ನು ಇಲ್ಲಿ ಯಾರು ಮಾಡುತ್ತಾರೆಂದು ಹೊರಡುವ ಮೊದಲೇ ವಿಚಾರಿಸಿ, ಬೇರೆಯವರು ಆಪರೇಷನ್ ಮಾಡಿದ ಕಣ್ಣು ನೋಡಲು ಕೆಲವರು ಹಿಂಜರಿಯುತ್ತಾರೆ.

ಊರಲ್ಲಿ ಅಜ್ಜಿ ಹರಳೆಣ್ಣೆ ಬಟ್ಟಲು ಹಿಡಿದೇ ಕಾಯುತ್ತಿರುತ್ತಾರೆ. ತಲೆಗೆ ನೀರು ಹಾಕಿಸಿಕೊಳ್ಳುವುದು ಡಾಕ್ಟರು ಹೂಂ ಅಂದ ಮೇಲೆ. ಸಿದ್ಧಗಂಗೆ ಜಾತ್ರೆ, ಗುಬ್ಬಿ ತೇರು, ಎರಡರ ದೂಳೂ ಈ ಸಲ ಬೇಡ. ಕಣ್ಣಂತೂ ಉಜ್ಜಲೇಬೇಡಿ.

ಲೇಸರ್‌ಗೆ ಮುಂಚಿನ ಅಳತೆಗಳ ರಿಪೋರ್ಟ್ ಕೇಳಿ ಪಡೆದು ಪಾಸ್‌ಪೋರ್ಟ್ ಜೊತೆಗೇ ಇಡಿ. ಮುಂದೆ ವಯಸ್ಸಾಗಿ ಕಣ್ಣಿಗೆ ಪೊರೆ ಬಂದಾಗ, ಒಳಗೆ ಕೂರಿಸುವ ಲೆನ್ಸಿನ ಲೆಕ್ಕ ಹಾಕುವ ಡಾಕ್ಟರಿಗೆ ಅದು ಬೇಕಾಗುತ್ತದೆ.