ಅರ್ಧಕ್ಕೆ ನಿಂತ ಕಡತ

ಗಾಳಿಮಳೆ ಬಂದೊಡನೆ ಅಂತರ್ಜಾಲದ ಸಂಪರ್ಕವು ಕಡಿದುಹೋಗುವಂಥ ಊರಿನಲ್ಲಿದ್ದುಕೊಂಡು, ಹಲವು ಜಿಬಿಗಳಷ್ಟು ದೊಡ್ಡದಾದ ಕಡತವೊಂದನ್ನು ಇಳಿಸಿಕೊಳ್ಳಲು ತೊಡಗಿ, ಅದು ಮುಕ್ಕಾಲು ಭಾಗ ಬಂದು ನಿಂತಾಗ, ಬೇಸರದಿಂದ ಎಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸುವುದು ಬಹುಮಟ್ಟಿಗೆ ವ್ಯರ್ಥಶ್ರಮವೇ ಸರಿ. ಜಾಲದಲ್ಲಿ ಮಾಹಿತಿಯ ವಿನಿಮಯಕ್ಕೆಂದು 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿಯು, ಇಂತಿಷ್ಟನೆಯ ಬೈಟಿನಿಂದ ಮುಂದಕ್ಕೆ ಮಾತ್ರ ಕಳುಹಿಸೆಂದು ಕಡತವಿರುವ ಸರ್ವರ್ ಗಣಕವನ್ನು ಕೇಳುವ ಅವಕಾಶವನ್ನು ಕಲ್ಪಿಸಿದೆ. ಅದಕ್ಕೆ ಸಮ್ಮತಿಸುವ ಸರ್ವರ್ 206 ಎಂಬ ಸಂಕೇತದೊಡನೆ ಉಳಿದ ಭಾಗವನ್ನಷ್ಟೇ ಕಳುಹಿಸುವುದು. ಆದುದರಿಂದ ಕ್ರೋಮ್ ಅಥವಾ ಫೈರ್‌ಫಾಕ್ಸ್ ಬಳಸುವವರು ಅರೆಬರೆ ಕಡತವನ್ನು ಅಳಿಸದೆ, ಅದರ ಹೆಸರನ್ನೂ ಬದಲಿಸದೆ, ‘ರೆಸ್ಯೂಮ್’ ಗುಂಡಿಯನ್ನು ಮೊದಲು ಒತ್ತಿನೋಡಬೇಕು. ಸಂಪರ್ಕವು ಪದೇ ಪದೇ ಕಡಿಯುವುದಾದರೆ, ತಾನಾಗಿಯೇ ಪುನಃ ಪ್ರಯತ್ನಿಸುವ ಡಬ್ಲ್ಯುಗೆಟ್‌ನಂಥ ತಂತ್ರಾಂಶವನ್ನು ಅವಲಂಬಿಸುವುದು ಉತ್ತಮ. ಕೊಂಡಿಯ ಅವಧಿ ತೀರಿದ್ದಲ್ಲಿ ಹೊಸದನ್ನು ಪಡೆಯಬೇಕಾದೀತು. ಮೂಲ ಕಡತವೇ ನಡುವೆ ಬದಲಾಗಿದ್ದಲ್ಲಿ ಹಳತು ಹೊಸತು ಬೆರೆತು ಕೆಡುವ ಸಂಭವವೂ ಉಂಟು. ಆ ಕಾರಣ, ಕಡತವನ್ನು ಒದಗಿಸಿದವರು ಎಸ್‌ಎಚ್‌ಎ-256 ಚೆಕ್‌ಸಮ್ಮನ್ನು (ಕಡತದ ಒಳಗಿನ ಮಾಹಿತಿಯಿಂದಲೇ ಲೆಕ್ಕಹಾಕುವ ಗುರುತಿನ ಅಕ್ಷರಸಾಲನ್ನು) ಕೊಟ್ಟಿದ್ದರೆ, ನಮ್ಮಲ್ಲಿಗೆ ಬಂದ ಕಡತದ ಚೆಕ್‌ಸಮ್ಮನ್ನು ಅದರೊಡನೆ ಹೋಲಿಸಿ, ಎರಡೂ ಅಕ್ಷರಶಃ ಒಂದೇ ಎಂದು ನಿಶ್ಚಯಿಸಿಕೊಂಡ ಬಳಿಕವೇ ತೆರೆಯುವುದು ಲೇಸು.