ಕಾರಿನ ವಾಲ್ವು, ಕಾರಿನ ಆಯಿಲು: ನಾವೂ ತಿಳಿಯೋಣ



ಸಂಘದಿಂದ ಸಾಲ ಪಡೆದು ಕಾರು ಕೊಂಡು ಬಾಡಿಗೆಗೆ ಓಡಿಸುವ ಕುಟುಂಬಗಳು ನಮ್ಮಲ್ಲಿವೆ. ಪೆಟ್ರೋಲ್ ಕಾರಿನ ಮೇಲೆ 'ವಿವಿಟಿ', 'ವಿಟೆಕ್' ಅಂತ ಬರೆದದ್ದನ್ನು ನೋಡಿ "ಇದೆಂತದು?" ಎಂದು ಕೇಳಿದವರಿದ್ದಾರೆ. ಕಂತು ಕಟ್ಟುವವರು ನಾವು. ಗಾಡಿಯ ವಿಷಯ ಡ್ರೈವರಿಗೆ ಮಾತ್ರ ಗೊತ್ತಿದ್ದರೆ ಸಾಲದು.

ಸೌದೆ ಒಲೆ ಉರಿಸಿದವರಿಗೆ ಇದು ಕಷ್ಟವಲ್ಲ. ಉರಿಗೆ ಗಾಳಿ ಬೇಕು, ಹೊಗೆ ಹೊರಗೆ ಹೋಗಬೇಕು. ಇಂಜಿನ್ನಿನಲ್ಲೂ ಗಾಳಿ ಒಳಗೆ ಬರಲು ಒಂದು ವಾಲ್ವು, ಹೊಗೆ ಹೊರಗೆ ಹೋಗಲು ಇನ್ನೊಂದು. ಕ್ಯಾಮ್‌ಶಾಫ್ಟ್ ಎಂಬ ಸರಳಿನ ಮೇಲಿನ ಉಬ್ಬುಗಳು ಇವನ್ನು ಒತ್ತಿ ತೆರೆಯುತ್ತವೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತೆ!

ವೇಗವಾಗಿ ಓಡುವಾಗ ಗಾಳಿ ರಭಸದಿಂದ ನುಗ್ಗುತ್ತಿರುತ್ತದೆ. ಆಗ ಒಳಗಿನ ವಾಲ್ವನ್ನು ಸ್ವಲ್ಪ ತಡವಾಗಿ ಮುಚ್ಚಿದರೆ ಹೆಚ್ಚು ಗಾಳಿ ತುಂಬಿ ಶಕ್ತಿ ಬರುತ್ತೆ. ನಿಧಾನವಾಗಿ ಹೋಗುವಾಗ ಹಾಗೆ ಮಾಡಿದರೆ ಒಳಗೆ ಬಂದ ಗಾಳಿ ವಾಪಸ್ ಹೋಗುತ್ತೆ. ಎರಡು ವಾಲ್ವುಗಳೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿದ್ದರೆ ಹೊಗೆ ಹಿಂದಕ್ಕೆ ನುಗ್ಗಿ ಇಂಜಿನ್ ನಡುಗುತ್ತೆ. ಹಳೆಯ ಇಂಜಿನ್ನುಗಳಲ್ಲಿ ಎಲ್ಲಾ ವೇಗಕ್ಕೂ ಒಂದೇ ಲೆಕ್ಕ.

ವಿವಿಟಿಯಲ್ಲಿ ಈ ಸಮಯ ಬದಲಾಗುತ್ತೆ. ಕ್ಯಾಮ್‌ಶಾಫ್ಟಿನ ತುದಿಯ ಚಕ್ರದೊಳಗೆ ಸಣ್ಣ ಸಣ್ಣ ಕೋಣೆಗಳಿವೆ. ಕಂಪ್ಯೂಟರ್ ಹೇಳಿದಂತೆ ಇಂಜಿನ್ ಆಯಿಲ್ ಅವುಗಳೊಳಗೆ ಒತ್ತಿ ಶಾಫ್ಟನ್ನು ಚೂರು ಮುಂದಕ್ಕೋ ಹಿಂದಕ್ಕೋ ತಿರುಗಿಸುತ್ತದೆ. ವಿಟೆಕ್‌ನ ದಾರಿ ಬೇರೆ. 1989ರಲ್ಲಿ ಜಪಾನಿನ ಹೋಂಡಾ ಕಂಪನಿಯ ಇಂಟಿಗ್ರಾ ಕಾರಿನಲ್ಲಿ ಬಂದ ಈ ವಿಧಾನದಲ್ಲಿ ನಿಧಾನಕ್ಕೆ ಸಣ್ಣ ಉಬ್ಬು, ವೇಗಕ್ಕೆ ದೊಡ್ಡ ಉಬ್ಬು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಪಿನ್ನನ್ನು ದೂಡುವುದು ಮತ್ತೆ ಆಯಿಲೇ.

ನಮಗೆ ಮುಖ್ಯವಾದದ್ದು ಇಲ್ಲೇ. ಆಯಿಲ್ ಬರೀ ಜಾರಿಕೆಗೆ ಹಾಕುವ ಎಣ್ಣೆ ಅಂತ ತಿಳಿದು, "ಈ ತಿಂಗಳು ಕಂತು ಕಟ್ಟುವಾ, ಆಯಿಲ್ ಆಮೇಲೆ ನೋಡುವಾ" ಅನ್ನುವವರಿದ್ದಾರೆ. ಹಳೆಯ ಆಯಿಲ್ ಕೆಸರಿನಂತಾಗಿ ಸಣ್ಣ ಜಾಲರಿ ಕಟ್ಟಿಕೊಳ್ಳುತ್ತೆ. ಆಗ ನಿಂತಲ್ಲಿ ಇಂಜಿನ್ ನಡುಗಬಹುದು, ಏರಿನಲ್ಲಿ ಎಳೆಯದೆ ಹೋಗಬಹುದು, ಮೈಲೇಜ್ ಇಳಿಯಬಹುದು, ಇಂಜಿನ್ ಲೈಟ್ ಉರಿಯಬಹುದು.

ಸಮತಟ್ಟು ಜಾಗದಲ್ಲಿ ಇಂಜಿನ್ ನಿಲ್ಲಿಸಿ, ಐದು ನಿಮಿಷ ಬಿಟ್ಟು ಆಯಿಲ್ ಕಡ್ಡಿ ತೆಗೆದು ಒರೆಸಿ, ಪುನಃ ಅದ್ದಿ ನೋಡಿ. ಎರಡು ಗುರುತುಗಳ ನಡುವೆ ಇರಬೇಕು. ಕಂಪನಿಯ ಪುಸ್ತಕದಲ್ಲಿ ಹೇಳಿದ ಗ್ರೇಡೇ ಹಾಕಿಸಿ. ಅಗ್ಗಕ್ಕೆ ಸಿಕ್ಕಿತೆಂದು ದಪ್ಪ ಆಯಿಲ್ ಬೇಡ. ಗ್ಯಾರೇಜಿನವರು "ಚಕ್ರವೇ ಹೊಸತು ಹಾಕಬೇಕು" ಅಂದರೆ, ಆಯಿಲ್ ಬಿಡುವ ಚಿಕ್ಕ ವಾಲ್ವು ಮತ್ತು ಜಾಲರಿ ಬಿಚ್ಚಿ ನೋಡಿದಿರಾ ಅಂತ ಮೊದಲು ಕೇಳಿ. ಕೆಲವೊಮ್ಮೆ ಅದನ್ನು ತೊಳೆದರೇ ಸಾಕಾಗುತ್ತೆ.